ಮಗು ಊದಿದ್ದನ್ನು ನಂಬಬಹುದಾ? ಆಸ್ತಮಾ ಇರುವ ಮಕ್ಕಳಿಗೆ ಚಿಕ್ಕ ಕ್ಲಿನಿಕ್‌ನಲ್ಲೇ ಸರಿಯಾಗಿ ಸ್ಪೈರೋಮೆಟ್ರಿ ಮಾಡುವ ಸಮಗ್ರ ಮಾರ್ಗದರ್ಶಿ

ಏಳು ವರ್ಷದ ಮಗು. ಬಾಯಲ್ಲಿ ಸ್ಪೈರೋಮೀಟರಿನ, ಅಂದರೆ ಊದಿದ ಉಸಿರನ್ನು ಅಳೆಯುವ ಯಂತ್ರದ, ಮೌತ್‌ಪೀಸ್. ಸುತ್ತ ನಾಲ್ಕು ಜನ ದೊಡ್ಡವರು ನಿಂತು "ಊದು, ಊದು" ಅನ್ನುತ್ತಿದ್ದಾರೆ. ಮಗು ಫೂ ಅಂತ ಅರ್ಧ ಸೆಕೆಂಡ್ ಊದಿ, ಮುಗೀತಾ ಅಂತ ಅಮ್ಮನ ಮುಖ ನೋಡುತ್ತದೆ. ಯಂತ್ರ ಅಷ್ಟಕ್ಕೇ ಒಂದು ವರದಿ ಮುದ್ರಿಸಿ ಕೊಡುತ್ತದೆ. ಅದರಲ್ಲಿ ಅಂಕಿಗಳಿವೆ, ಶೇಕಡಾವಾರು ಇದೆ, ಕೆಳಗೆ ಒಂದು ಸಾಲಿನ ತೀರ್ಪೂ ಇದೆ. ಆ ತೀರ್ಪು ನೋಡಿ ಯಾರೋ ಔಷಧ ಬದಲಿಸುತ್ತಾರೆ.

ನನಗೆ ಚಿಂತೆ ಇರುವುದು ಇಲ್ಲೇ. ಕೆಟ್ಟದಾಗಿ ಊದಿಸಿದ ಪರೀಕ್ಷೆ, ಪರೀಕ್ಷೆ ಮಾಡದೇ ಇರುವುದಕ್ಕಿಂತ ಅಪಾಯ. ಪರೀಕ್ಷೆ ಇಲ್ಲದಿದ್ದರೆ ನಮಗೆ ಗೊತ್ತಿಲ್ಲ ಅಂತಲಾದರೂ ಗೊತ್ತಿರುತ್ತದೆ. ತಪ್ಪು ಅಂಕಿ ಕೈಗೆ ಬಂದರೆ ಅದನ್ನೇ ನಂಬಿಬಿಡುತ್ತೇವೆ. ಆಸ್ತಮಾ ಇರುವ ಹೆಚ್ಚಿನ ಮಕ್ಕಳು ಮೊದಲು ಬರುವುದು ಮನೆಯ ಹತ್ತಿರದ ವೈದ್ಯರ ಬಳಿಗೆ, ಆಮೇಲೂ ಬರುತ್ತಿರುವುದು ಅಲ್ಲಿಗೇ. ಹಾಗಾಗಿ ಈ ಕೆಲಸ ಅಲ್ಲೇ ಸರಿಯಾಗಬೇಕು. ಇದಕ್ಕೆ ಬಹಳ ದುಬಾರಿ ಯಂತ್ರ ಬೇಕಿಲ್ಲ. ಊದಿಸುವುದನ್ನು ಕಲಿತ ಒಬ್ಬರು ಬೇಕು, ಅವರಿಗೆ ಸ್ವಲ್ಪ ಸಮಯ ಬೇಕು.

ಈ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಎದೆ ತುಂಬ ಉಸಿರು ಎಳೆದುಕೊಂಡು ಜೋರಾಗಿ ಪೂರ್ತಿ ಹೊರಗೆ ಬಿಟ್ಟಾಗ ಒಟ್ಟು ಎಷ್ಟು ಗಾಳಿ ಬಂತು ಅನ್ನುವುದು ಎಫ್‌ವಿಸಿ. ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಬಂದದ್ದು ಎಫ್‌ಇವಿ1. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. ಆಸ್ತಮಾದಲ್ಲಿ ಶ್ವಾಸನಾಳ ಕಿರಿದಾಗುವುದರಿಂದ ಗಾಳಿ ನಿಧಾನವಾಗಿ ಹೊರಬರುತ್ತದೆ, ಅನುಪಾತ ಇಳಿಯುತ್ತದೆ.

ಆದರೆ ಆಸ್ತಮಾ ಒಂದೇ ಸಮನೆ ಇರುವ ಕಾಯಿಲೆ ಅಲ್ಲ. ಬರುತ್ತದೆ, ಹೋಗುತ್ತದೆ. ರಾತ್ರಿಯೆಲ್ಲಾ ಕೆಮ್ಮಿದ ಮಗು ಬೆಳಿಗ್ಗೆ ಹತ್ತು ಗಂಟೆಗೆ ಚೆನ್ನಾಗಿ ಊದಬಹುದು. ಆದ್ದರಿಂದ ಒಂದು ದಿನದ ವರದಿ ನಾರ್ಮಲ್ ಬಂದರೆ ಆಸ್ತಮಾ ಇಲ್ಲ ಅಂತ ಅರ್ಥವಲ್ಲ. ಇದನ್ನು ತಂದೆ ತಾಯಿಗೆ ಪರೀಕ್ಷೆಗೆ ಮುಂಚೆಯೇ ಹೇಳಿಬಿಡಿ. ಆಮೇಲೆ ಹೇಳಿದರೆ ನೆಪ ಹೇಳಿದ ಹಾಗೆ ಕೇಳಿಸುತ್ತದೆ.

ಇದರ ಉಲ್ಟಾ ಕೂಡ ನಿಜ. ಕೆಲವು ಮಕ್ಕಳು ಆರಾಮಾಗಿದ್ದೇನೆ ಅನ್ನುತ್ತಾರೆ, ಓಡಾಡುತ್ತಾರೆ, ಆದರೆ ಊದಿಸಿದರೆ ಎಫ್‌ಇವಿ1 ಕಡಿಮೆ ಇರುತ್ತದೆ. ಕಿರಿದಾದ ನಾಳಕ್ಕೆ ಅವರು ಒಗ್ಗಿಕೊಂಡಿರುತ್ತಾರೆ. ಮುಂದೆ ಜೋರಾದ ಉಬ್ಬಸ ಬರುವ ಸಾಧ್ಯತೆ ಇಂಥ ಮಕ್ಕಳಲ್ಲಿ ಜಾಸ್ತಿ. ಸ್ಟೆತಸ್ಕೋಪ್‌ಗೆ ಸಿಗದ ಈ ಮಕ್ಕಳನ್ನು ಹುಡುಕಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಸ್ಪೈರೋಮೆಟ್ರಿಯೇ.

ಮೊದಲ ಹೆಜ್ಜೆ: ಯಾರಿಗೆ, ಯಾವಾಗ

ಐದಾರು ವರ್ಷ ದಾಟಿದ ಹೆಚ್ಚಿನ ಮಕ್ಕಳು, ಸರಿಯಾಗಿ ಹೇಳಿಕೊಟ್ಟರೆ, ಊದುತ್ತಾರೆ. ಅದಕ್ಕಿಂತ ಚಿಕ್ಕವರಲ್ಲೂ ಕೆಲವರಿಗೆ ಆಗುತ್ತದೆ, ಆದರೆ ಅದಕ್ಕೆ ಬೇರೆಯದೇ ಅನುಭವ ಬೇಕು. ಚಿಕ್ಕ ಕ್ಲಿನಿಕ್‌ನಲ್ಲಿ ಐದರ ಕೆಳಗಿನವರಿಗೆ ಹಟ ಹಿಡಿಯಬೇಡಿ.

ಸಾಧ್ಯವಾದರೆ ದಿನನಿತ್ಯದ ಸ್ಟೀರಾಯ್ಡ್ ಇನ್‌ಹೇಲರ್ ಶುರು ಮಾಡುವ ಮುಂಚೆಯೇ ಒಮ್ಮೆ ಮಾಡಿ. ಔಷಧ ಕೆಲಸ ಮಾಡಲು ಶುರುವಾದ ಮೇಲೆ ಆಸ್ತಮಾವನ್ನು ತೋರಿಸಿಕೊಡುವ ಏರಿಳಿತ ಕಡಿಮೆಯಾಗುತ್ತದೆ, ಆಗ ರೋಗ ಖಚಿತಪಡಿಸುವುದು ಕಷ್ಟ. ಆದರೆ ಮಗು ನರಳುತ್ತಿದ್ದರೆ ಪರೀಕ್ಷೆಗೋಸ್ಕರ ಔಷಧ ತಡ ಮಾಡಬಾರದು. ಆಮೇಲೆ, ಚಿಕಿತ್ಸೆ ಶುರುವಾಗಿ 3ರಿಂದ 6 ತಿಂಗಳಿಗೆ ಒಮ್ಮೆ, ನಂತರ ಒಂದೆರಡು ವರ್ಷಕ್ಕೆ ಒಮ್ಮೆಯಾದರೂ ಮಾಡಬೇಕು ಅನ್ನುವುದು ಆಸ್ತಮಾದ ಜಾಗತಿಕ ಮಾರ್ಗಸೂಚಿ ಜಿನಾ ಹೇಳುವ ಮಾತು. ಪದೇ ಪದೇ ಉಬ್ಬಸ ಬರುವ ಮಕ್ಕಳಿಗೆ ಇನ್ನೂ ಬೇಗ ಬೇಗ ಮಾಡಬೇಕು.

ಉಬ್ಬಸ ಜೋರಾಗಿರುವಾಗ ಊದಿಸಬೇಡಿ. ಆಗ ಬೇಕಾದದ್ದು ಚಿಕಿತ್ಸೆ. ಇತ್ತೀಚೆಗೆ ಕಣ್ಣು, ಎದೆ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದ್ದರೆ, ಕಫದಲ್ಲಿ ರಕ್ತ ಬರುತ್ತಿದ್ದರೆ, ಕ್ಷಯದ ಅನುಮಾನ ಇದ್ದರೆ ಮುಂದಕ್ಕೆ ಹಾಕಿ.

ಹಿಂದಿನ ದಿನವೇ ಮಾಡುವ ಕೆಲಸ

ಮನೆಯವರಿಗೆ ಒಂದು ಚೀಟಿ ಬರೆದು ಕೊಡಿ, ಇಲ್ಲವೇ ಫೋನಿನಲ್ಲಿ ಹೇಳಿ. ರೋಗ ಪತ್ತೆಗೆ ಬರುವುದಾದರೆ, ಶ್ವಾಸನಾಳವನ್ನು ಬೇಗ ಅಗಲಿಸುವ ಸಾಲ್ಬುಟಮಾಲ್ ಪಫ್ ತೆಗೆದುಕೊಂಡು ಕನಿಷ್ಠ 4 ಗಂಟೆ ಆಗಿರಬೇಕು. ಹೆಚ್ಚು ಹೊತ್ತು ಕೆಲಸ ಮಾಡುವ ಫಾರ್ಮೊಟೆರಾಲ್, ಸಾಲ್ಮೆಟೆರಾಲ್ ಇರುವ ಇನ್‌ಹೇಲರ್ ಆದರೆ 24 ಗಂಟೆ. ಬರೀ ಸ್ಟೀರಾಯ್ಡ್ ಇನ್‌ಹೇಲರ್ ನಿಲ್ಲಿಸುವ ಅಗತ್ಯವಿಲ್ಲ. ಔಷಧ ತೆಗೆದುಕೊಳ್ಳುತ್ತಾ ಮಗು ಹೇಗಿದೆ ಅಂತ ನೋಡುವುದಷ್ಟೇ ಉದ್ದೇಶವಾದರೆ ಯಾವುದನ್ನೂ ನಿಲ್ಲಿಸುವುದು ಬೇಡ. ಕೊನೆಯ ಡೋಸ್ ಎಷ್ಟು ಗಂಟೆಗೆ ಅಂತ ಬರೆದುಕೊಂಡರೆ ಸಾಕು.

ಚೀಟಿಯಲ್ಲಿ ಇನ್ನೊಂದು ಸಾಲನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ: ಮಗುವಿಗೆ ಉಸಿರಾಟ ಕಷ್ಟವಾದರೆ ಪಫ್ ಕೊಡಿ, ಪರೀಕ್ಷೆ ಇನ್ನೊಂದು ದಿನ ಮಾಡೋಣ. ಇದನ್ನು ಬರೆಯದೇ ಹೋದರೆ, ವೈದ್ಯರು ನಿಲ್ಲಿಸಲು ಹೇಳಿದ್ದಾರೆ ಅಂತ ರಾತ್ರಿಯಿಡೀ ಮಗುವನ್ನು ಒದ್ದಾಡಿಸುವ ಪೋಷಕರು ಖಂಡಿತ ಇರುತ್ತಾರೆ. ತಪ್ಪು ಅವರದಲ್ಲ. ನಾವು ಹೇಳಿದ್ದನ್ನೇ ಅವರು ಪಾಲಿಸಿರುತ್ತಾರೆ.

ಯಂತ್ರವನ್ನು ಪರೀಕ್ಷಿಸುವುದು

ದಿನದ ಮೊದಲ ಮಗು ಬರುವ ಮುಂಚೆ 3 ಲೀಟರ್ ಸಿರಿಂಜಿನಿಂದ ಯಂತ್ರಕ್ಕೆ ಗಾಳಿ ತಳ್ಳಿ. ನಿಧಾನ, ಮಧ್ಯಮ, ಜೋರು, ಹೀಗೆ ಮೂರು ವೇಗದಲ್ಲಿ. ಪ್ರತಿ ಸಲವೂ 2.91ರಿಂದ 3.09 ಲೀಟರ್ ಒಳಗೆ ತೋರಿಸಬೇಕು. ಅಂದರೆ ಶೇ 3ಕ್ಕಿಂತ ಆಚೀಚೆ ಆಗಬಾರದು. ತಪ್ಪಿದರೆ ಮೊದಲು ಸೋರಿಕೆ ನೋಡಿ. ಇದಕ್ಕೆ ಐದು ನಿಮಿಷ ಸಾಕು, ಆದರೂ ಎಲ್ಲರೂ ಮೊದಲು ಬಿಡುವುದು ಇದನ್ನೇ. ಒಂದು ಪುಸ್ತಕವಿಟ್ಟು ದಿನಾಂಕ, ಅಂಕಿ ಬರೆಯುತ್ತಾ ಹೋಗಿ. ಪ್ರತಿ ಮಗುವಿಗೂ ಹೊಸ ಫಿಲ್ಟರ್. ಇದರಲ್ಲಿ ಉಳಿತಾಯದ ಮಾತು ಬೇಡ.

ಎತ್ತರ: ಸಣ್ಣ ಕೆಲಸ, ದೊಡ್ಡ ಪರಿಣಾಮ

1846ರಲ್ಲಿ ಜಾನ್ ಹಚಿನ್ಸನ್ ಎಂಬ ಇಂಗ್ಲೆಂಡಿನ ವೈದ್ಯರು ತಾವೇ ಮಾಡಿದ ಸ್ಪೈರೋಮೀಟರಿನಿಂದ ಎರಡು ಸಾವಿರಕ್ಕೂ ಜಾಸ್ತಿ ಜನರನ್ನು ಅಳೆದು ಬರೆದರು. ಎತ್ತರ ಏರಿದಂತೆ ಉಸಿರಿನ ಪ್ರಮಾಣವೂ ಏರುತ್ತದೆ ಅನ್ನುವುದು ಅವರು ಕಂಡ ಮುಖ್ಯ ಸಂಗತಿ. ಇವತ್ತಿಗೂ ನಮ್ಮ ಯಂತ್ರಗಳ ಲೆಕ್ಕದ ಬೆನ್ನೆಲುಬು ಅದೇ.

ಹಾಗಾಗಿ ಎತ್ತರವನ್ನು ಕೇಳಿ ಬರೆದುಕೊಳ್ಳಬೇಡಿ, ಪ್ರತಿ ಸಲ ಅಳೆಯಿರಿ. ಚಪ್ಪಲಿ ಬಿಡಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ಮಗು ನೇರ ಮುಂದೆ ನೋಡುವಂತೆ ನಿಲ್ಲಿಸಿ. 128 ಸೆಂ.ಮೀ. ಇರುವ ಮಗುವಿಗೆ ಕೈತಪ್ಪಿ 118 ಅಂತ ಒತ್ತಿದರೆ ಯಂತ್ರ ನಿರೀಕ್ಷಿಸುವ ಎಫ್‌ಇವಿ1 ಸುಮಾರು ಶೇ 15ಕ್ಕಿಂತ ಜಾಸ್ತಿ ಇಳಿಯುತ್ತದೆ. ನಿರೀಕ್ಷಿತ ಅಂಕಿಯ ಶೇ 80 ಬರಬೇಕಿದ್ದ ಮಗು ಶೇ 95 ತೋರಿಸುತ್ತದೆ. ತೊಂದರೆ ಇರುವ ಮಗು ಒಂದು ಬೆರಳಿನ ತಪ್ಪಿನಿಂದ ಆರೋಗ್ಯವಂತ ಆಗಿಬಿಡುತ್ತದೆ. ಹುಟ್ಟಿದ ದಿನಾಂಕವನ್ನೂ ಪೂರ್ತಿ ಹಾಕಿ, ಸುಮ್ನೆ ಎಂಟು ವರ್ಷ ಅಂತ ಅಲ್ಲ. ನೇರ ನಿಲ್ಲಲಾಗದ ಮಗುವಾದರೆ ಎರಡೂ ಕೈ ಚಾಚಿಸಿ ಬೆರಳ ತುದಿಯಿಂದ ಬೆರಳ ತುದಿಗೆ ಅಳತೆ ತೆಗೆದುಕೊಳ್ಳಬಹುದು.

ಊದಿಸುವ ಕಲೆ

ಇಲ್ಲಿ ನಿಧಾನವಾಗಿ ಓದಿ. ಉಳಿದದ್ದೆಲ್ಲ ಪುಸ್ತಕ ನೋಡಿ ಮಾಡಬಹುದು, ಇದನ್ನು ಮಾತ್ರ ಮಾಡಿ ಮಾಡಿಯೇ ಕಲಿಯಬೇಕು.

ಮೊದಲು ಮಗುವಿನ ಕೈಗೆ ಒಂದು ಮೌತ್‌ಪೀಸ್ ಕೊಡಿ, ಯಂತ್ರಕ್ಕೆ ಜೋಡಿಸದೆ. ಹಿಡಿದು ನೋಡಲಿ, ಕಚ್ಚಿ ನೋಡಲಿ. ಆಮೇಲೆ ನೀವೇ ಒಂದನ್ನು ಬಾಯಿಗಿಟ್ಟು ಊದಿ ತೋರಿಸಿ, ನಾಚಿಕೆ ಬಿಟ್ಟು, ಮುಖ ಕೆಂಪಾಗುವ ತನಕ. ನೀವು ಅರ್ಧ ಮನಸ್ಸಿನಿಂದ ಊದಿದರೆ ಮಗುವೂ ಅರ್ಧವೇ ಊದುತ್ತದೆ.

ಊದುವುದನ್ನು ಮೂರು ತುಂಡು ಮಾಡಿ ಹೇಳಿಕೊಡಿ. ತುಂಬು: ಎದೆಯಲ್ಲಿ ಇನ್ನು ಜಾಗವೇ ಇಲ್ಲ ಅನ್ನುವಷ್ಟು ಎಳಿ. ಢಂ: ಒಂದೇ ಏಟಿಗೆ ಹೊರಗೆ ಬಿಡು. ಬಿಡು ಬಿಡು ಬಿಡು: ಖಾಲಿ ಆಯಿತು ಅನ್ನಿಸಿದ ಮೇಲೂ ಬಿಡುತ್ತಲೇ ಇರು. ಪ್ರತಿ ತುಂಡಿಗೂ ನಿಮ್ಮ ದನಿ ಬದಲಾಗಬೇಕು. ಮೊದಲನೆಯದಕ್ಕೆ ಏರುತ್ತಾ ಹೋಗುವ ದನಿ, ಎರಡನೆಯದಕ್ಕೆ ಚಪ್ಪಾಳೆಯಂಥ ದನಿ, ಮೂರನೆಯದಕ್ಕೆ ಓಟದ ಪಂದ್ಯದಲ್ಲಿ ಹುರಿದುಂಬಿಸುವ ದನಿ. ನಿಮ್ಮ ಕೈಯೂ ಮಾತಾಡಲಿ. ತುಂಬುವಾಗ ಮೇಲೆತ್ತಿ, ಢಂ ಅನ್ನುವಾಗ ಕೆಳಗೆ ಹೊಡೆಯಿರಿ. ಮಕ್ಕಳು ಕಿವಿಗಿಂತ ಕಣ್ಣಿನಿಂದ ಬೇಗ ಕಲಿಯುತ್ತಾರೆ.

ತುಂಬಿದ ಮೇಲೆ ಉಸಿರು ಹಿಡಿದು ನಿಲ್ಲುವುದು ಬೇಡ. ಎರಡು ಸೆಕೆಂಡಿಗಿಂತ ಜಾಸ್ತಿ ತಡೆದರೆ ವೇಗ ಕುಗ್ಗುತ್ತದೆ. ಕುರ್ಚಿಯಲ್ಲಿ ನೇರ ಕೂರಿಸಿ, ಪಾದಕ್ಕೆ ಆಸರೆ ಇರಲಿ, ಕಾಲು ನೇತಾಡಬಾರದು. ಮೂಗಿಗೆ ಕ್ಲಿಪ್ ಹಾಕಿ. ಕ್ಲಿಪ್‌ಗೆ ಹೆದರುವ ಮಗುವಾದರೆ ಮೂಗನ್ನು ಬೆರಳಿನಿಂದ ಹಿಡಿಯಬಹುದು. ತುಟಿ ಬಿಗಿಯಾಗಿರಲಿ, ನಾಲಿಗೆ ಮೌತ್‌ಪೀಸಿನ ಕೆಳಗಿರಲಿ.

ಪರದೆಯ ಮೇಲೆ ಮೇಣದಬತ್ತಿ ಆರಿಸುವ ಆಟ ಹಲವು ಯಂತ್ರಗಳಲ್ಲಿದೆ. ಢಂ ಕಲಿಸಲು ಅದು ಒಳ್ಳೆಯದು. ಆದರೆ ಬತ್ತಿ ಆರಿದ ತಕ್ಷಣ ಮಗು ಗೆದ್ದೆ ಅಂದುಕೊಂಡು ನಿಲ್ಲಿಸಿಬಿಡುತ್ತದೆ. ಆದ್ದರಿಂದ ಕಲಿಸುವಾಗ ಒಂದೆರಡು ಸಲ ಆಟ, ನಿಜವಾದ ಅಳತೆಗೆ ನಿಮ್ಮ ದನಿ. ನನಗಂತೂ ಪರದೆಗಿಂತ ಮನುಷ್ಯನ ಮುಖವೇ ಹೆಚ್ಚು ಕೆಲಸ ಮಾಡುತ್ತದೆ ಅನ್ನಿಸುತ್ತದೆ.

ಕೋಣೆಯಲ್ಲಿ ಒಬ್ಬರೇ ಮಾತಾಡಲಿ. ತಂದೆ ತಾಯಿಗೆ ಮೊದಲೇ ಪ್ರೀತಿಯಿಂದ ಹೇಳಿಬಿಡಿ. "ಅಷ್ಟೂ ಬರಲ್ವಾ ನಿಂಗೆ" ಅನ್ನುವ ಒಂದು ಮಾತು ಸಾಕು, ಆ ದಿನದ ಪರೀಕ್ಷೆ ಮುಗಿದ ಹಾಗೆ. ಪ್ರತಿ ಊದಿನ ನಂತರ ಒಂದೇ ಒಂದು ತಪ್ಪನ್ನು ತಿದ್ದಿ. ಮೂರು ತಪ್ಪು ಒಟ್ಟಿಗೆ ಹೇಳಿದರೆ ಮಗುವಿಗೆ ಯಾವುದೂ ನೆನಪಿರುವುದಿಲ್ಲ.

ಗೆರೆ ನೋಡಿ, ಆಮೇಲೆ ಅಂಕಿ ನೋಡಿ

ಊದು ಮುಗಿದ ಕೂಡಲೇ ಕಣ್ಣು ಮೊದಲು ಹೋಗಬೇಕಾದದ್ದು ಗಾಳಿಯ ವೇಗ ತೋರಿಸುವ ಗ್ರಾಫಿನ ಕಡೆಗೆ. ಚೆನ್ನಾಗಿ ಊದಿದ ಗೆರೆ ಕಡಿದಾದ ಗುಡ್ಡದ ಹಾಗೆ ಏಕಾಏಕಿ ಏರಿ, ಚೂಪಾದ ತುದಿ ಮುಟ್ಟಿ, ಆಮೇಲೆ ಇಳಿಜಾರಾಗಿ ನೆಲ ಸೇರುತ್ತದೆ. ತುದಿ ಗುಂಡಗಿದ್ದರೆ ಢಂ ಸರಿಯಾಗಿಲ್ಲ. ಇಳಿಜಾರಿನಲ್ಲಿ ಹಲ್ಲುಹಲ್ಲು ಕಂಡರೆ ಕೆಮ್ಮು. ಗೆರೆ ಗೋಡೆಯ ಹಾಗೆ ಥಟ್ಟನೆ ಕೆಳಗೆ ಬಿದ್ದರೆ ಮಗು ಮಧ್ಯದಲ್ಲೇ ನಿಲ್ಲಿಸಿದೆ, ಇಲ್ಲವೇ ಗಂಟಲು ಮುಚ್ಚಿಕೊಂಡಿದೆ. ಇಳಿಜಾರು ಚಮಚದ ಹಾಗೆ ಒಳಗೆ ಬಾಗಿದ್ದರೆ ಮಾತ್ರ ಅದು ಊದಿನ ತಪ್ಪಲ್ಲ, ಕಿರಿದಾದ ಶ್ವಾಸನಾಳ ಹಾಗೆ ಬರೆಯುತ್ತದೆ.

ಅಮೆರಿಕನ್ ಥೊರಾಸಿಕ್ ಸೊಸೈಟಿ ಮತ್ತು ಯುರೋಪಿಯನ್ ರೆಸ್ಪಿರೇಟರಿ ಸೊಸೈಟಿ 2019ರಲ್ಲಿ ಒಟ್ಟಿಗೆ ಹೊರತಂದ ಮಾನದಂಡದಲ್ಲಿ ಮಕ್ಕಳಿಗೆ ಬೇಕಾದ ಅಳತೆಗಳಿವೆ. ಶುರುವಿನಲ್ಲಿ ತಡವರಿಸಿ ಕಳೆದ ಗಾಳಿ ಎಫ್‌ವಿಸಿಯ ಶೇ 5 ಅಥವಾ 100 ಮಿ.ಲೀ., ಯಾವುದು ಜಾಸ್ತಿಯೋ ಅದನ್ನು ಮೀರಬಾರದು. ಮೊದಲ ಸೆಕೆಂಡಿನಲ್ಲಿ ಕೆಮ್ಮು ಇರಬಾರದು. ಕೊನೆಯ ಒಂದು ಸೆಕೆಂಡಿನಲ್ಲಿ 25 ಮಿ.ಲೀ.ಗಿಂತ ಕಡಿಮೆ ಗಾಳಿ ಬಂದರೆ ಶ್ವಾಸಕೋಶ ಖಾಲಿ ಆಗಿದೆ ಅಂತ ಲೆಕ್ಕ. ದೊಡ್ಡವರಿಗೆ ಹಿಂದೆ ಹೇಳುತ್ತಿದ್ದ ಹಾಗೆ ಆರು ಸೆಕೆಂಡ್ ಊದಲೇಬೇಕು ಅಂತ ಮಗುವಿಗೆ ಒತ್ತಾಯ ಬೇಡ. ಚಿಕ್ಕ ಶ್ವಾಸಕೋಶ ಬೇಗ ಖಾಲಿಯಾಗುತ್ತದೆ. ಸಮಯದ ಜೊತೆ ಗಾಳಿಯ ಪ್ರಮಾಣ ತೋರಿಸುವ ಇನ್ನೊಂದು ಗೆರೆ ಎರಡು ಮೂರು ಸೆಕೆಂಡಿನಲ್ಲೇ ಚಪ್ಪಟೆ ಆದರೆ ಅದು ಪೂರ್ತಿ ಊದು.

ಇನ್ನೊಂದು ಉಪಾಯ ಇದೆ. ಪೂರ್ತಿ ಊದಿದ ಮೇಲೆ ಮೌತ್‌ಪೀಸ್ ತೆಗೆಯದೆ ಮತ್ತೆ ಎದೆ ತುಂಬ ಎಳೆಯಲು ಹೇಳಿ. ಈ ಸಲ ಎಳೆದ ಗಾಳಿ, ಊದಿದ ಗಾಳಿಗಿಂತ ಗಮನಾರ್ಹವಾಗಿ ಜಾಸ್ತಿ ಬಂದರೆ, ಮಗು ಮೊದಲು ಪೂರ್ತಿ ತುಂಬಿಕೊಂಡಿರಲಿಲ್ಲ ಅಂತ ಗೊತ್ತಾಗುತ್ತದೆ. ತುಂಬದೇ ಊದಿದ್ದನ್ನು ಗೆರೆ ನೋಡಿ ಹಿಡಿಯುವುದು ಕಷ್ಟ, ಆದರೆ ಮಕ್ಕಳಲ್ಲಿ ಆಗಾಗ ಆಗುವ ತಪ್ಪು ಅದು.

ಒಳ್ಳೆಯ ಊದು ಕನಿಷ್ಠ ಮೂರು ಬೇಕು. ಅದರಲ್ಲಿ ದೊಡ್ಡ ಎರಡು ಎಫ್‌ಇವಿ1 ನಡುವೆ, ಹಾಗೇ ದೊಡ್ಡ ಎರಡು ಎಫ್‌ವಿಸಿ ನಡುವೆ, 150 ಮಿ.ಲೀ.ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಆರು ವರ್ಷ ಅಥವಾ ಅದಕ್ಕಿಂತ ಚಿಕ್ಕವರಿಗೆ ಈ ಮಿತಿ 100 ಮಿ.ಲೀ. ಅಥವಾ ದೊಡ್ಡ ಅಂಕಿಯ ಶೇ 10, ಎರಡರಲ್ಲಿ ಹೆಚ್ಚಿನದು. ದೊಡ್ಡವರಿಗೆ ಎಂಟು ಪ್ರಯತ್ನ ಮಿತಿ ಅನ್ನುತ್ತಾರೆ. ಮಕ್ಕಳಿಗೆ ಅದಕ್ಕಿಂತ ಜಾಸ್ತಿ ಬೇಕಾಗಬಹುದು, ಪ್ರತಿ ಪ್ರಯತ್ನವೂ ಪೂರ್ತಿ ಊದಾಗಿರುವುದಿಲ್ಲ ಅಲ್ವಾ. ಆದರೆ ಒಂದೊಂದು ಊದಿಗೂ ಎಫ್‌ಇವಿ1 ಇಳಿಯುತ್ತಾ ಹೋದರೆ ಎಚ್ಚರ. ಜೋರಾಗಿ ಊದುವುದೇ ಕೆಲವು ಮಕ್ಕಳಿಗೆ ಉಬ್ಬಸ ತರಿಸುತ್ತದೆ. ಮೊದಲಿನದರ ಶೇ 80ಕ್ಕಿಂತ ಕೆಳಗೆ ಬಂದರೆ ನಿಲ್ಲಿಸಿ.

ಮಗು ಸುಸ್ತಾದರೆ, ಅಳು ಬಂದರೆ, ಅವತ್ತಿಗೆ ಬಿಡಿ. "ಊದು ಸಾಲಲಿಲ್ಲ, ಮತ್ತೆ ಪ್ರಯತ್ನಿಸಬೇಕು" ಅಂತ ಪ್ರಾಮಾಣಿಕವಾಗಿ ಬರೆಯಿರಿ. ಮುಂದಿನ ವಾರ ಬಂದಾಗ ಅದೇ ಮಗು ಎಷ್ಟೋ ಚೆನ್ನಾಗಿ ಊದುತ್ತದೆ.

ಪಫ್ ಕೊಟ್ಟು ಮತ್ತೆ ಊದಿಸುವುದು

ಮೊದಲ ಸುತ್ತು ನಾರ್ಮಲ್ ಬಂದರೂ ಈ ಹೆಜ್ಜೆ ಬಿಡಬೇಡಿ, ಅದರಲ್ಲೂ ರೋಗ ಪತ್ತೆಯ ಸಮಯದಲ್ಲಿ. ಶೇ 90 ಇದ್ದ ಮಗು ಪಫ್ ಆದಮೇಲೆ ಶೇ 105 ತಲುಪಬಹುದು. ಆಗ ಆ 90 ಅದರ ಪಾಲಿಗೆ ನಾರ್ಮಲ್ ಆಗಿರಲೇ ಇಲ್ಲ.

ಸಾಲ್ಬುಟಮಾಲ್ 100 ಮೈಕ್ರೋಗ್ರಾಂನ 4 ಪಫ್, ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ಮೂಲಕ, ಒಂದೊಂದಾಗಿ. ನಾಲ್ಕನ್ನೂ ಒಟ್ಟಿಗೆ ಸ್ಪೇಸರಿಗೆ ಒತ್ತಬೇಡಿ. ಆಮೇಲೆ 15 ನಿಮಿಷ ಕಾಯಿರಿ, ಗಡಿಯಾರ ನೋಡಿ. ಈ ಹೊತ್ತನ್ನು ಸುಮ್ನೆ ಕಳೆಯಬೇಡಿ. ಮಗು ಮನೆಯಲ್ಲಿ ಇನ್‌ಹೇಲರ್ ಹೇಗೆ ತೆಗೆದುಕೊಳ್ಳುತ್ತದೆ ಅಂತ ಮಾಡಿ ತೋರಿಸಲು ಹೇಳಿ. ಔಷಧ ಕೆಲಸ ಮಾಡುತ್ತಿಲ್ಲ ಅನ್ನುವ ಎಷ್ಟೋ ದೂರಿಗೆ ಕಾರಣ ಅಲ್ಲೇ ಸಿಗುತ್ತದೆ.

ಈಗ ಲೆಕ್ಕ. ಪಫ್‌ಗೆ ಮುಂಚೆ ಎಫ್‌ಇವಿ1 1.30 ಲೀಟರ್, ನಂತರ 1.50 ಅಂತಿಟ್ಟುಕೊಳ್ಳಿ. ಆ ಎತ್ತರಕ್ಕೆ ನಿರೀಕ್ಷಿತ ಅಂಕಿ 1.60. ಏರಿಕೆ 0.20 ಲೀಟರ್. ಮೊದಲಿದ್ದದ್ದಕ್ಕೆ ಹೋಲಿಸಿದರೆ ಶೇ 15, ನಿರೀಕ್ಷಿತ ಅಂಕಿಗೆ ಹೋಲಿಸಿದರೆ ಶೇ 12.5. ಮೊದಲಿದ್ದದ್ದರ ಮೇಲೆ ಶೇ 12 ಏರಬೇಕು ಅನ್ನುವುದು ಬಹುಕಾಲದಿಂದ ಇರುವ ಲೆಕ್ಕ. ನಿರೀಕ್ಷಿತ ಅಂಕಿಯ ಶೇ 10ಕ್ಕಿಂತ ಜಾಸ್ತಿ ಏರಬೇಕು ಅನ್ನುವುದು ಮೇಲೆ ಹೇಳಿದ ಅಮೆರಿಕ, ಯುರೋಪಿನ ಎರಡು ಸಂಸ್ಥೆಗಳು 2021ರಲ್ಲಿ ಕೊಟ್ಟ ಲೆಕ್ಕ. ಈ ಮಗು ಎರಡರಲ್ಲೂ ಪಾಸ್. ನಿಮ್ಮ ಕ್ಲಿನಿಕ್‌ನಲ್ಲಿ ಯಾವುದು ಅಂತ ಒಮ್ಮೆ ನಿರ್ಧರಿಸಿ, ವರದಿಯಲ್ಲಿ ಬರೆಯಿರಿ. ದೊಡ್ಡವರಿಗೆ ಹೇಳುವ 200 ಮಿ.ಲೀ. ಏರಿಕೆಯ ನಿಯಮವನ್ನು ಚಿಕ್ಕ ಮಕ್ಕಳಿಂದ ಕಡ್ಡಾಯವಾಗಿ ಕೇಳುವುದು ಸರಿಯಲ್ಲ. ಇರುವುದೇ ಒಂದು ಲೀಟರ್ ಆದಾಗ 200 ಬಹಳ ದೊಡ್ಡದು.

ಓದುವಾಗ ಆಗುವ ಎರಡು ತಪ್ಪು

ಮೊದಲನೆಯದು 0.70. ದೊಡ್ಡವರ ಶ್ವಾಸಕೋಶ ಕಾಯಿಲೆಗೆ ಬಳಸುವ ಈ ಅನುಪಾತದ ಗೆರೆಯನ್ನು ಮಕ್ಕಳಿಗೂ ಹಾಕುವುದು. ಆರೋಗ್ಯವಂತ ಮಕ್ಕಳಲ್ಲಿ ಅನುಪಾತ ಸಾಮಾನ್ಯವಾಗಿ 0.90ರ ಆಸುಪಾಸು ಇರುತ್ತದೆ. ಎಂಟು ವರ್ಷದ ಮಗುವಿನದು 0.74 ಬಂದರೆ 0.70 ದಾಟಿದೆ ಅಂತ ಬಿಟ್ಟುಬಿಡುತ್ತೇವೆ, ಆದರೆ ಅದು ಸ್ಪಷ್ಟವಾಗಿ ಕಡಿಮೆ. ಆಸ್ತಮಾ ಇರುವ ಎಷ್ಟೋ ಮಕ್ಕಳಲ್ಲಿ ಎಫ್‌ಇವಿ1 ಶೇ 80ರ ಮೇಲೇ ಇದ್ದು ಅನುಪಾತ ಮಾತ್ರ ಇಳಿದಿರುತ್ತದೆ. ಆದ್ದರಿಂದ ಮೊದಲು ಅನುಪಾತ ನೋಡಿ. ಯಂತ್ರ ಝಡ್ ಸ್ಕೋರ್, ಅಂದರೆ ಅಂಕಿ ಸರಾಸರಿಯಿಂದ ಎಷ್ಟು ದೂರ ಇದೆ ಅನ್ನುವ ಅಳತೆ, ಕೊಟ್ಟರೆ ಇನ್ನೂ ಒಳ್ಳೆಯದು. ಮೈನಸ್ 1.64ಕ್ಕಿಂತ ಕೆಳಗೆ ಹೋದರೆ ಅದು ಆ ವಯಸ್ಸು, ಎತ್ತರದ ನೂರು ಆರೋಗ್ಯವಂತ ಮಕ್ಕಳಲ್ಲಿ ಕೊನೆಯ ಐವರ ಸಾಲಿಗೆ ಸೇರಿದ ಹಾಗೆ.

ಈ ಅಂಕಿಗಳು ಬರುವುದು ಯಂತ್ರದೊಳಗಿನ ಸಮೀಕರಣದಿಂದ. ಗ್ಲೋಬಲ್ ಲಂಗ್ ಫಂಕ್ಷನ್ ಇನಿಷಿಯೇಟಿವ್‌ನ 2012ರ ಸಮೀಕರಣ 3ರಿಂದ 95 ವರ್ಷದವರೆಗೆ ಅನ್ವಯಿಸುತ್ತದೆ. ಜನಾಂಗದ ಭೇದವಿಲ್ಲದ ಹೊಸ ಆವೃತ್ತಿಯೂ ಆಮೇಲೆ ಬಂದಿದೆ. ಸೆಟ್ಟಿಂಗ್ಸ್‌ನಲ್ಲಿ ಯಾವುದಿದೆ ಅಂತ ಇವತ್ತೇ ನೋಡಿ. ಮಧ್ಯದಲ್ಲಿ ಅದನ್ನು ಬದಲಿಸಿದರೆ ಮಗುವಿನ ಶ್ವಾಸಕೋಶ ಬದಲಾಗದೆಯೇ ಶೇಕಡಾ ಬದಲಾಗುತ್ತದೆ.

ಎರಡನೆಯ ತಪ್ಪು, ಲೀಟರ್ ಅಂಕಿಯನ್ನು ನಿಂತ ನೀರಿನ ಹಾಗೆ ನೋಡುವುದು. ಹೋದ ವರ್ಷ 1.6, ಈ ವರ್ಷವೂ 1.6, ಸ್ಥಿರವಾಗಿದೆ ಅನ್ನುತ್ತೇವೆ. ಆದರೆ ಮಗು 6 ಸೆಂ.ಮೀ. ಬೆಳೆದಿದೆಯಲ್ಲ! ಅಂಕಿ ಏರಬೇಕಿತ್ತು. ಏರಲಿಲ್ಲ ಅಂದರೆ ಮಗು ಹಿಂದೆ ಬಿದ್ದಿದೆ. ತೂಕ, ಎತ್ತರದ ಚಾರ್ಟ್ ಬರೆಯುವ ಹಾಗೆ ಝಡ್ ಸ್ಕೋರನ್ನೂ ವರ್ಷ ವರ್ಷ ಒಂದೇ ಹಾಳೆಯಲ್ಲಿ ಗುರುತಿಸಿ.

ಯಂತ್ರ ಇಲ್ಲದಿದ್ದರೆ, ವರದಿ ನಾರ್ಮಲ್ ಬಂದರೆ

ಊದಿನ ಗರಿಷ್ಠ ವೇಗವನ್ನಷ್ಟೇ ಅಳೆಯುವ ಚಿಕ್ಕ ಸಾಧನ, ಪೀಕ್ ಫ್ಲೋ ಮೀಟರ್ ಇದೆ. ಒಂದು ದಿನದ ಒಂದು ಅಂಕಿಯಿಂದ ರೋಗ ಹೇಳಲಾಗದು. ಆದರೆ ಎರಡು ವಾರ, ಬೆಳಿಗ್ಗೆ ಸಂಜೆ, ಪ್ರತಿ ಸಲ ಮೂರು ಊದಿ ದೊಡ್ಡದನ್ನು ಬರೆದರೆ ಏರಿಳಿತ ಕಾಣುತ್ತದೆ. ಬೆಳಿಗ್ಗೆ 200, ಸಂಜೆ 240 ಆದರೆ ವ್ಯತ್ಯಾಸ 40, ಸರಾಸರಿ 220, ಅಂದರೆ ಆ ದಿನದ ಏರಿಳಿತ ಶೇ 18. ಎಲ್ಲ ದಿನಗಳ ಸರಾಸರಿ ಶೇ 13 ಮೀರಿದರೆ ಮಕ್ಕಳಲ್ಲಿ ಅದು ಜಾಸ್ತಿ ಅಂತ ಜಿನಾ ಹೇಳುತ್ತದೆ. ಕೆಲವು ಮಾರ್ಗಸೂಚಿಗಳು ಶೇ 20 ಕೇಳುತ್ತವೆ. ಎಲ್ಲಾ ದಿನವೂ ಅದೇ ಮೀಟರ್ ಬಳಸಬೇಕು. ಹದಿನಾಲ್ಕು ದಿನಕ್ಕೂ ಒಂದೇ ಪೆನ್ನು, ಒಂದೇ ಅಂಕಿ ಕಂಡರೆ ಕ್ಲಿನಿಕ್‌ಗೆ ಬರುವ ಮುಂಚೆ ಕೂತು ತುಂಬಿಸಿದ್ದಿರಬಹುದು. ಬೈಯಬೇಡಿ. ಒಂದು ವಾರ ಮತ್ತೆ ಬರೆಯಲು ಹೇಳಿ.

ನಾರ್ಮಲ್ ಬಂದ ಮಗುವನ್ನು ತೊಂದರೆ ಇರುವ ದಿನ ಬರಲು ಹೇಳಿ, ಪಫ್ ತೆಗೆದುಕೊಳ್ಳುವ ಮುಂಚೆ ಸಾಧ್ಯವಾದರೆ. ಆ ದಿನಕ್ಕೆ ಸಾಲು ಕಾಯಿಸದೆ ಒಳಗೆ ಬಿಡುವ ವ್ಯವಸ್ಥೆ ಮಾಡಿಕೊಳ್ಳಿ. ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಅಳೆಯುವ ಫೀನೋ ಯಂತ್ರ ಕೈಗೆ ಸಿಗುವುದಾದರೆ ಅದನ್ನು ಸ್ಪೈರೋಮೆಟ್ರಿಗೆ ಮುಂಚೆ ಮಾಡಿ, ಜೋರಾಗಿ ಊದಿದ ಮೇಲೆ ಅದರ ಅಂಕಿ ಇಳಿಯಬಹುದು.

ಯಾವಾಗ ತಜ್ಞರ ಬಳಿಗೆ

ಚಿಕಿತ್ಸೆ ಸರಿಯಾಗಿ ತೆಗೆದುಕೊಂಡರೂ ಎಫ್‌ಇವಿ1 ಕಡಿಮೆಯೇ ಇದ್ದರೆ. ಪಫ್ ಆದಮೇಲೂ ಅನುಪಾತ ಏರದಿದ್ದರೆ. ಎಫ್‌ವಿಸಿಯೇ ಕಡಿಮೆ ಇದ್ದು ಅನುಪಾತ ಸರಿಯಿದ್ದರೆ, ಊದು ಪೂರ್ತಿಯಾಗಿತ್ತು ಅಂತ ಖಚಿತವಾದ ಮೇಲೆ. ಉಸಿರು ಎಳೆಯುವ ಭಾಗದ ಗೆರೆ ಪದೇ ಪದೇ ಚಪ್ಪಟೆಯಾಗಿ ಬಂದರೆ ತೊಂದರೆ ಶ್ವಾಸನಾಳದಲ್ಲಲ್ಲ, ಗಂಟಲಿನಲ್ಲಿರಬಹುದು. ಕಳಿಸುವಾಗ ಬರೀ ಅಂಕಿ ಬರೆದು ಕಳಿಸಬೇಡಿ. ಗ್ರಾಫ್‌ಗಳು, ಎತ್ತರ, ಕೊನೆಯ ಔಷಧದ ಸಮಯ, ಎಷ್ಟು ಊದು ಸರಿ ಬಂದವು ಅನ್ನುವುದು ಜೊತೆಗಿರಲಿ. ಆಗ ಅಲ್ಲಿನವರು ಮಗುವನ್ನು ಮೊದಲಿನಿಂದ ಊದಿಸಬೇಕಾಗುವುದಿಲ್ಲ.

ಕೈ ಪಳಗುವುದಕ್ಕೆ

ಕ್ಲಿನಿಕ್‌ನಲ್ಲಿ ಎಲ್ಲರೂ ಸ್ವಲ್ಪ ಸ್ವಲ್ಪ ಮಾಡುವುದಕ್ಕಿಂತ ಒಬ್ಬಿಬ್ಬರು ಇದನ್ನು ತಮ್ಮದು ಮಾಡಿಕೊಳ್ಳಲಿ. ಒಂದು ಮಗುವಿಗೆ ಪಫ್ ಸೇರಿಸಿ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ನೂಕುನುಗ್ಗಲಿನ ಹೊತ್ತಿನಲ್ಲಿ ಬೇಡ, ವಾರಕ್ಕೊಂದು ಮಧ್ಯಾಹ್ನ ಇದಕ್ಕೇ ಇರಲಿ. ತಿಂಗಳಿಗೊಮ್ಮೆ ಕೂತು ಹಳೆಯ ಹತ್ತು ವರದಿಗಳ ಗೆರೆಗಳನ್ನು ಹೆಸರು ಮುಚ್ಚಿ ನೋಡಿ. ಎಷ್ಟು ಊದು ನಿಜವಾಗಿ ಸರಿಯಿದ್ದವು, ಎಷ್ಟನ್ನು ಹಾಗೇ ಒಪ್ಪಿಕೊಂಡೆವು ಅಂತ ಎಣಿಸಿ. ಮೊದಲ ತಿಂಗಳು ಬೇಸರ ತರಿಸುವ ಲೆಕ್ಕ ಬರುತ್ತದೆ, ಹೆದರಬೇಡಿ. ಯಾವ ತಪ್ಪು ಜಾಸ್ತಿ ಇದೆಯೋ, ಮುಂದಿನ ತಿಂಗಳು ಅದೊಂದನ್ನೇ ಹಿಡಿದು ತಿದ್ದಿ. ಢಂ ಸರಿಯಿಲ್ಲದಿದ್ದರೆ ಢಂ, ತುಂಬುವುದು ಸಾಲದಿದ್ದರೆ ತುಂಬುವುದು.

ಹೋಗುವ ಮುಂಚೆ ಮಗುವಿಗೆ ಅದು ಬರೆದ ಗುಡ್ಡದ ಚಿತ್ರ ತೋರಿಸಿ. ಪಫ್‌ಗೆ ಮುಂಚಿನದು, ನಂತರದ್ದು, ಎರಡೂ ಪಕ್ಕ ಪಕ್ಕ. ಇದು ನಿನ್ನ ಉಸಿರು, ಔಷಧ ತೆಗೆದುಕೊಂಡಾಗ ಇಷ್ಟು ದೊಡ್ಡದಾಯಿತು ನೋಡು ಅನ್ನಿ. ಒಂದು ಪ್ರತಿ ಕೈಗೂ ಕೊಡಿ. ಮುಂದಿನ ಸಲ ಆ ಹಾಳೆ ಹಿಡಿದುಕೊಂಡೇ ಬರುವ ಮಕ್ಕಳಿದ್ದಾರೆ.